ಮೇಳದಿಂದ ಮುದ್ರಿಕೆಗೆ: ಮಿರಜದಲ್ಲಿ ಕಲಿತ ಒಂದು ಕನ್ನಡ ಕಂಠ

೧

ಮೇಳದಲ್ಲಿ ಹಾಡುವುದು ಬೇರೆ, ಒಬ್ಬನೇ ಕುಳಿತು ಹಾಡುವುದು ಬೇರೆ. ಮೇಳದಲ್ಲಿ ಹಾಡುವವನ ದನಿ ಸೋತರೆ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಪದ ಮರೆತರೆ ಪಕ್ಕದವನು ನೆನಪಿಸುತ್ತಾನೆ. ದಣಿವಾದರೆ ಕುಣಿಯುವವನ ಗೆಜ್ಜೆಯು ಆ ಹೊತ್ತನ್ನು ತುಂಬುತ್ತದೆ. ಒಂಟಿಯಾಗಿ ಹಾಡುವವನಿಗೆ ಈ ಆಸರೆಗಳಿಲ್ಲ. ಗುಣವೂ ಅವನದೇ, ದೋಷವೂ ಅವನದೇ. ಆದುದರಿಂದ ಮೇಳದಲ್ಲಿ ಬೆಳೆದ ಗಾಯಕನೊಬ್ಬನು ತನ್ನೊಬ್ಬನ ಹೆಸರಿನಲ್ಲಿಯೇ ಮೊದಲ ಧ್ವನಿಮುದ್ರಿಕೆಯನ್ನು ಹೊರಡಿಸುವ ಪ್ರಸಂಗವು ಅವನ ಜೀವನದಲ್ಲಿ ದೊಡ್ಡದು. ಅದು ಅವನೊಬ್ಬನ ಮಾತಷ್ಟೇ ಆಗಿದ್ದರೆ ನಾವು ಇಲ್ಲಿ ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಆ ಒಂದು ಮುದ್ರಿಕೆಯ ಹಿಂದೆ ಒಂದು ನಾಡಿನ ಕಲೆಯ ಇತಿಹಾಸವೇ ಅಡಗಿರುತ್ತದೆ. ಅದರಲ್ಲಿಯೂ ಸಾಂಗಲಿ ಮತ್ತು ಮಿರಜಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಆ ಇತಿಹಾಸವು ಮನೆಯ ಮಾತು.

‘ಆಲ್ಬಮ್’ ಎಂಬ ಮಾತನ್ನು ಇಂದಿನ ವಿದ್ಯಾರ್ಥಿಗಳು ದಿನವೂ ಕೇಳುತ್ತಾರೆ. ಅದರ ಮೂಲಾರ್ಥವನ್ನು ಮೊದಲು ತಿಳಿಯುವುದು ಒಳ್ಳೆಯದು. ಅರಗಿನ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ದೀರ್ಘವಾದ ಕೃತಿಗೆ ಹಲವು ತಟ್ಟೆಗಳು ಬೇಕಾಗುತ್ತಿದ್ದವು. ಅವುಗಳನ್ನು ಕಾಗದದ ಚೀಲಗಳಿರುವ ಒಂದು ಹೊತ್ತಗೆಯಲ್ಲಿ, ಭಾವಚಿತ್ರಗಳನ್ನಿಡುವ ಪುಸ್ತಕದಂತೆ, ಸೇರಿಸಿಡುತ್ತಿದ್ದರು. ಆ ಹೊತ್ತಗೆಗೆ ಆಲ್ಬಮ್ ಎಂದು ಹೆಸರು. ೧೯೪೮ರಲ್ಲಿ ಅಮೇರಿಕದಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ತಟ್ಟೆ ಬಂದಾಗ ಹೊತ್ತಗೆ ಹೋಯಿತು, ಹೆಸರು ಉಳಿಯಿತು. ಆದ್ದರಿಂದ ಹಿಂದಿನ ಗಾಯಕರ ‘ಮೊದಲ ಏಕಾಂಗ ಆಲ್ಬಮ್’ ಎಂದರೆ ಅವರ ಮೊದಲ ಮೂರು ನಿಮಿಷದ ತಟ್ಟೆಗಳೇ ಎಂದು ನಾವು ತಿಳಿಯಬೇಕು.

ಈ ಲೇಖನದಲ್ಲಿ ನಾವು ಮುಖ್ಯವಾಗಿ ಪಂಡಿತ ಮಲ್ಲಿಕಾರ್ಜುನ ಮನಸೂರರನ್ನು ಎದುರಿಗಿಟ್ಟುಕೊಂಡು ವಿಚಾರಿಸುವೆವು. ಅವರು ಅಲೆದಾಡುವ ಆಟದ ಮಂಡಳಿಯ ಹುಡುಗನಾಗಿ ಹಾಡತೊಡಗಿದವರು. ಮಿರಜದ ಗುರುಗಳಿಂದ ಹಿಂದುಸ್ತಾನಿ ವಿದ್ಯೆಯನ್ನು ಪಡೆದವರು. ಅನಂತರ ಮುಂಬಯಿಯಲ್ಲಿ ತಮ್ಮ ಹೆಸರಿನ ಮುದ್ರಿಕೆಗಳನ್ನು ಕೊಟ್ಟವರು. ಮೇಳ, ಮಿರಜ, ಮುದ್ರಿಕೆ ಈ ಮೂರೂ ಒಂದೇ ಜೀವನದಲ್ಲಿ ಕೂಡಿಬಂದುದರಿಂದ ಅವರ ಉದಾಹರಣೆಯು ನಮಗೆ ಅತ್ಯಂತ ಉಪಯುಕ್ತವಾಗಿದೆ.

೨

ಮನಸೂರರ ಕಡೆಗೆ ಬರುವ ಮೊದಲು, ಹಾಡು ಮೇಳದಿಂದ ಬಿಡಿಸಿಕೊಂಡು ಒಬ್ಬನ ಕಂಠಕ್ಕೆ ಬಂದ ದಾರಿಯನ್ನು ಗುರುತಿಸಬೇಕು. ಈ ದಾರಿಯ ಮುಖ್ಯವಾದ ಕೆಲವು ಮೈಲುಗಲ್ಲುಗಳು ನಮ್ಮ ಸಾಂಗಲಿ ಮಿರಜಗಳಲ್ಲಿಯೇ ನೆಟ್ಟಿವೆ.

೧೮೪೨ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಒಂದು ಭಾಗವತ ಮೇಳವು ಸಾಂಗಲಿಗೆ ಬಂದಿತು. ಆಗ ಸಾಂಗಲಿ ಸಂಸ್ಥಾನದ ಅಧಿಪತಿಗಳು ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು. ಕರ್ಕಿಯವರ ಆಟವನ್ನು ನೋಡಿದ ಮೇಲೆ, ಅಂಥದೇ ಒಂದು ಆಟವನ್ನು ಮರಾಠಿಯಲ್ಲಿ ರಚಿಸಿ ಆಡಿಸುವಂತೆ ಅವರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ೧೮೪೩ರಲ್ಲಿ ಭಾವೆಯವರ ‘ಸೀತಾಸ್ವಯಂವರ’ವು ಸಾಂಗಲಿಯಲ್ಲಿ ಪ್ರಯೋಗವಾಯಿತು. ಮರಾಠಿ ರಂಗಭೂಮಿಯು ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ನವೆಂಬರ ೫ನ್ನು ಇಂದಿಗೂ ರಂಗಭೂಮಿಯ ದಿನವೆಂದು ಆಚರಿಸುತ್ತದೆ.

ಭಾವೆಯವರ ಆಟಗಳಲ್ಲಿ ಪದಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದನು. ಪಾತ್ರಧಾರಿಗಳು ಆ ಪದದ ಅರ್ಥವನ್ನು ತಮ್ಮ ಮಾತಿನಲ್ಲಿ ಆಶುವಾಗಿ ಆಡುತ್ತಿದ್ದರು. ಯಕ್ಷಗಾನವನ್ನು ಕಂಡವರಿಗೆ ಈ ವ್ಯವಸ್ಥೆಯ ಮೂಲವನ್ನು ಹೇಳಬೇಕಾಗಿಲ್ಲ. ಭಾಗವತನು ಪದ ಹೇಳುವನು, ವೇಷಧಾರಿಯು ಕುಣಿದು ಅರ್ಥ ಹೇಳುವನು. ಹಾಡು ಮೇಳದ ಸ್ವತ್ತು, ಅದಕ್ಕೆ ಒಬ್ಬನ ಹೆಸರಿಲ್ಲ.

ಎರಡನೆಯ ಹೆಜ್ಜೆಯನ್ನು ಇಟ್ಟವರು ಬಳವಂತ ಪಾಂಡುರಂಗ ಕಿರ್ಲೋಸ್ಕರರು. ಇವರು ೧೮೪೩ರಲ್ಲಿ, ಎಂದರೆ ‘ಸೀತಾಸ್ವಯಂವರ’ದ ವರ್ಷದಲ್ಲಿಯೇ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಕನ್ನಡ ನೆಲದ ಹಾಡಿನ ಧಾಟಿಗಳನ್ನು ಚಿಕ್ಕಂದಿನಿಂದ ಕೇಳಿದವರು. ೧೮೮೦ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ಅವರ ‘ಸಂಗೀತ ಶಾಕುಂತಲ’ದಲ್ಲಿ ಪದಗಳು ಸೂತ್ರಧಾರನ ಬಾಯಿಯಿಂದ ಪಾತ್ರಧಾರಿಗಳ ಬಾಯಿಗೆ ಬಂದವು. ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಿದಳು. ಇದು ಮೇಲುನೋಟಕ್ಕೆ ಚಿಕ್ಕ ಬದಲಾವಣೆ. ಆದರೆ ಅಂದಿನಿಂದ ಪ್ರೇಕ್ಷಕರು ಆಟವನ್ನಷ್ಟೇ ನೋಡದೆ ‘ಇಂಥವರ ಗಾಯನ’ವನ್ನು ಕೇಳಲು ಹೋಗತೊಡಗಿದರು.

ಮೂರನೆಯ ಹೆಜ್ಜೆಯು ಮಿರಜದ್ದು. ೧೯೦೫ರಲ್ಲಿ ಮಿರಜದ ಹಂಸಪ್ರಭಾ ನಾಟಕಗೃಹದಲ್ಲಿ, ಕಿರ್ಲೋಸ್ಕರ ಮಂಡಳಿಯ ಶಕುಂತಲೆಯಾಗಿ ಒಬ್ಬ ತರುಣನು ಮೊದಲ ಸಲ ರಂಗವನ್ನೇರಿದನು. ನಾರಾಯಣ ಶ್ರೀಪಾದ ರಾಜಹಂಸ ಎಂಬುದು ಅವನ ಹೆಸರು. ಲೋಕವು ಅವನನ್ನು ಬಾಲಗಂಧರ್ವ ಎಂದು ಕರೆಯಿತು. ೧೯೧೩ರಲ್ಲಿ ಅವರು ಗಣಪತರಾವ್ ಬೋಡಸ ಮತ್ತು ಗೋವಿಂದರಾವ್ ಟೇಂಬೆಯವರೊಡನೆ ಕಿರ್ಲೋಸ್ಕರ ಮಂಡಳಿಯಿಂದ ಹೊರಬಿದ್ದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಕಂಪನಿಯ ಹೆಸರಿನಿಂದ ನಟನಿಗೆ ಬೆಲೆ ಬರುತ್ತಿದ್ದ ಕಾಲ ಹೋಗಿ, ನಟನ ಹೆಸರಿನಿಂದ ಕಂಪನಿಗೆ ಬೆಲೆ ಬರುವ ಕಾಲ ಬಂದಿತು.

ಹೀಗೆ ಎಂಬತ್ತು ವರ್ಷಗಳೊಳಗೆ ಹಾಡು ಹಿಮ್ಮೇಳದಿಂದ ಸೂತ್ರಧಾರನಿಗೆ, ಸೂತ್ರಧಾರನಿಂದ ಪಾತ್ರಧಾರಿಗೆ, ಪಾತ್ರಧಾರಿಯಿಂದ ಹೆಸರಾಂತ ಗಾಯಕನಿಗೆ ಬಂದಿತು. ಇನ್ನು ಅದು ರಂಗವನ್ನೇ ಬಿಟ್ಟು ತಟ್ಟೆಯನ್ನು ಏರುವುದೊಂದೇ ಉಳಿದಿತ್ತು. ಇಲ್ಲಿ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಭಾವೆಯವರ ಹೆಸರು ಗೊತ್ತು, ರಾಜರ ಹೆಸರು ಗೊತ್ತು. ಆದರೆ ಕರ್ಕಿಯಿಂದ ಘಟ್ಟವನ್ನೇರಿ, ವೇಷದ ಪೆಟ್ಟಿಗೆ ಹೊತ್ತು ಸಾಂಗಲಿಯ ತನಕ ಬಂದವರನ್ನು ನಾವೆಲ್ಲ ‘ಕರ್ಕಿಯ ಮೇಳ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ.

೩

ಮಲ್ಲಿಕಾರ್ಜುನ ಮನಸೂರರು ೧೯೧೦ರ ದಶಂಬರ ೩೧ರಂದು ಧಾರವಾಡದ ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರು ದೂರದ ಮನಸೂರ ಗ್ರಾಮದಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು ಊರಿನ ಗೌಡರು, ಒಕ್ಕಲುತನದವರು, ಸಂಗೀತದ ಪ್ರೇಮಿಗಳು. ಅಣ್ಣ ಬಸವರಾಜರಿಗೆ ನಾಟಕದ ಮಂಡಳಿಯಿತ್ತು. ಒಂಬತ್ತರ ಎಳೆವಯಸ್ಸಿನಲ್ಲಿಯೇ ಮಲ್ಲಿಕಾರ್ಜುನನು ಒಂದು ಸಣ್ಣ ಪಾತ್ರದಲ್ಲಿ ರಂಗದ ಮೇಲೆ ಬಂದನು. ಮುಂದೆ ತಂದೆಯವರು ಮಗನನ್ನು ಊರಿಂದೂರಿಗೆ ತಿರುಗುವ ಮಂಡಳಿಯೊಂದಕ್ಕೆ ಒಪ್ಪಿಸಿದರು. ಅದನ್ನು ಕೆಲವರು ನಾಟಕ ಕಂಪನಿಯೆಂದು, ಕೆಲವರು ಯಕ್ಷಗಾನ ಮಂಡಳಿಯೆಂದು ಬರೆದಿದ್ದಾರೆ. ಆ ಕಾಲದ ಉತ್ತರ ಕರ್ನಾಟಕದಲ್ಲಿ ಬಯಲಾಟಕ್ಕೂ ಕಂಪನಿ ನಾಟಕಕ್ಕೂ ನಡುವಣ ಗೋಡೆ ಅಷ್ಟು ಎತ್ತರವಾಗಿರಲಿಲ್ಲವೆಂಬುದನ್ನು ನೆನೆದರೆ ಈ ಎರಡು ಹೆಸರುಗಳಲ್ಲಿ ವಿರೋಧವೇನೂ ಕಾಣುವುದಿಲ್ಲ.

ಇಂಥ ಮಂಡಳಿಯಲ್ಲಿ ಎಳೆಯ ಕಂಠಕ್ಕೆ ಬಹಳ ಬೆಲೆ. ಧ್ರುವ, ಪ್ರಹ್ಲಾದ, ಲೋಹಿತಾಶ್ವ ಮೊದಲಾದ ಬಾಲಕರ ಪಾತ್ರಗಳು ಪೌರಾಣಿಕ ನಾಟಕಗಳಲ್ಲಿ ತಪ್ಪದೆ ಇರುತ್ತಿದ್ದವು. ಅವುಗಳಿಗೆ ಕರುಣರಸದ ಪದಗಳೂ ತಪ್ಪದೆ ಇರುತ್ತಿದ್ದವು. ಮಂಡಳಿಯ ಯಜಮಾನರು ಹುಡುಗನ ದನಿಯನ್ನು ಮೆಚ್ಚಿ ಬಗೆಬಗೆಯ ಪದಗಳನ್ನು ಅವನಿಂದ ಹಾಡಿಸತೊಡಗಿದರು. ರಾತ್ರಿಯ ಆಟ ಎಂದರೆ ನಾಲ್ಕಾರು ತಾಸಿನ ಕೆಲಸ. ದೀಪದ ಹೊಗೆ, ಜನರ ಗದ್ದಲ, ತೆರೆದ ಚಪ್ಪರ; ಧ್ವನಿವರ್ಧಕವಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಪದದ ಅಕ್ಷರ ಅಕ್ಷರವೂ ಕೇಳಬೇಕು. ಮೆಚ್ಚಿದ ಪದಕ್ಕೆ ಜನರು ‘ಒನ್ಸ್ ಮೋರ್’ ಎಂದು ಕೂಗಿದರೆ ಮತ್ತೆ ಹಾಡಬೇಕು. ಅದೇ ಪದವನ್ನು ಅದೇ ರೀತಿ ಹಾಡಿದರೆ ಜನಕ್ಕೆ ಸಾಲದು, ಎರಡನೆಯ ಸಲಕ್ಕೆ ಹೊಸದೊಂದು ತಿರುವು ಬೇಕು. ದನಿಯ ಬಲ, ಮಾತಿನ ಸ್ಪಷ್ಟತೆ, ಕೇಳುವವರ ಮನಸ್ಸನ್ನು ಕೂಡಲೆ ಹಿಡಿಯುವ ಚಾತುರ್ಯ, ಈ ಮೂರನ್ನು ಯಾವ ಸಂಗೀತ ಶಾಲೆಯೂ ಇಷ್ಟು ಬೇಗ ಕಲಿಸಲಾರದು.

ಒಂದು ದಿನದ ಆಟದಲ್ಲಿ ಈ ಹುಡುಗನ ಹಾಡು ಅಪ್ಪಯ್ಯಸ್ವಾಮಿಗಳ ಕಿವಿಗೆ ಬಿದ್ದಿತು. ಅವರು ಕರ್ನಾಟಕ ಪದ್ಧತಿಯ ಪಿಟೀಲು ವಿದ್ವಾಂಸರು. ಅವರಲ್ಲಿ ಮೊದಲ ಶಾಸ್ತ್ರೀಯ ಪಾಠವಾಯಿತು. ಕೆಲಕಾಲದ ಮೇಲೆ ಹುಡುಗನು ಮಿರಜದ ನೀಲಕಂಠಬುವಾ ಆಲೂರಮಠರ ಶಿಷ್ಯನಾದನು. ಮೇಳದ ಹುಡುಗನ ಜೀವನದಲ್ಲಿ ತಿರುವು ಬಂದದ್ದು ಇಲ್ಲಿಯೇ.

೪

ಕನ್ನಡ ಬಾಲಕನೊಬ್ಬನಿಗೆ ಗುರುವು ಮಿರಜದಲ್ಲಿ ದೊರೆತುದೇಕೆ? ಇದನ್ನು ದೈವಯೋಗವೆಂದು ಬಿಟ್ಟುಬಿಡುವುದು ಇತಿಹಾಸದ ರೀತಿಯಲ್ಲ. ಮೂರು ಕಾರಣಗಳನ್ನು ನಾವು ಸ್ಪಷ್ಟವಾಗಿ ಹೇಳಬಹುದು.

ಮೊದಲನೆಯದು ಗುರುಪರಂಪರೆ. ಗ್ವಾಲಿಯರದ ಖ್ಯಾಲ್ ಗಾಯನವನ್ನು ದಕ್ಷಿಣಕ್ಕೆ ತಂದವರಲ್ಲಿ ಅಗ್ರಗಣ್ಯರಾದ ಬಾಳಕೃಷ್ಣಬುವಾ ಇಚಲಕರಂಜೀಕರರು (೧೮೪೯–೧೯೨೬) ಬಹುಕಾಲ ಮಿರಜದಲ್ಲಿದ್ದರು. ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಅವರಲ್ಲಿ ಕಲಿತುದು ಇಲ್ಲಿಯೇ. ಅದೇ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ನೀಲಕಂಠಬುವಾ ಅವರೂ ಬಾಳಕೃಷ್ಣಬುವಾ ಅವರ ಶಿಷ್ಯಪರಂಪರೆಯವರೇ. ‘ಆಲೂರಮಠ’ ಎಂಬ ಅಡ್ಡಹೆಸರು ಅವರ ಕನ್ನಡ ಮೂಲವನ್ನು ಹೇಳುತ್ತದೆ; ‘ಬುವಾ’ ಎಂಬ ಮರ್ಯಾದೆಯ ಮಾತು ಮರಾಠಿಯದು; ವಿದ್ಯೆಯು ಗ್ವಾಲಿಯರದ್ದು. ಮಿರಜದ ಸ್ವಭಾವವೆಲ್ಲ ಈ ಒಂದು ಹೆಸರಿನಲ್ಲಿಯೇ ಅಡಗಿದೆ. ಗದಗಿನ ಪಂಚಾಕ್ಷರಿ ಗವಾಯಿಗಳೂ ಹಿಂದುಸ್ತಾನಿ ಪದ್ಧತಿಯನ್ನು ಇವರಲ್ಲಿ ಅಭ್ಯಾಸ ಮಾಡಿದರೆಂಬುದನ್ನು ನೆನೆದರೆ, ಉತ್ತರ ಕರ್ನಾಟಕದ ಗಾಯನದ ಎಷ್ಟು ಬಳ್ಳಿಗಳಿಗೆ ಇಲ್ಲಿ ಬೇರಿದೆಯೆಂಬುದು ತಿಳಿಯುತ್ತದೆ.

ಎರಡನೆಯ ಕಾರಣ ವಾದ್ಯ. ಮಿರಜದ ಸಿತಾರ ತಂಬೂರಿಗಳನ್ನು ಹೊಗಳುವುದು ಇಲ್ಲಿಯ ನಿವಾಸಿಗಳಿಗೆ ಸೂರ್ಯನಿಗೆ ದೀಪ ಹಿಡಿದಂತೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ದುರಸ್ತಿಗೂ ಆಮೇಲೆ ತಯಾರಿಕೆಗೂ ಕೈಹಾಕಿದರು. ಕತ್ತಿ ಈಟಿಗಳ ಕಾಲ ಮುಗಿಯುತ್ತಿದ್ದಾಗ ಅದೇ ಕೈಗಳು ಸೋರೆಬುರುಡೆಗೆ ಕಟ್ಟಿಗೆಯ ಕೊರಳನ್ನು ಕೂಡಿಸಿ ನಾದವನ್ನು ಹುಟ್ಟಿಸಿದವು. ೨೦೨೪ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಲಿಕ ಗುರುತಿನ ಸರಕಾರಿ ಮಾನ್ಯತೆಯೂ ದೊರೆಯಿತು. ಮೇಳದಲ್ಲಿ ಹಾಡುವವನಿಗೆ ಶ್ರುತಿಯ ಆಧಾರ ಹಾರ್ಮೋನಿಯಂ. ಒಂಟಿಯಾಗಿ ಹಾಡುವವನಿಗೆ ಆಧಾರ ತಂಬೂರಿ. ತನ್ನ ದನಿಯನ್ನು ತಾನೇ ಕೇಳಿಕೊಳ್ಳುವುದನ್ನು ಅದು ಕಲಿಸುತ್ತದೆ.

ಮೂರನೆಯದು ರೇಲ್ವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪುಣೆ, ಮಿರಜ, ಬೆಳಗಾವಿ, ಧಾರವಾಡಗಳು ಒಂದೇ ಹಳಿಯ ಸಾಲಿನಲ್ಲಿ ಪೋಣಿಸಲ್ಪಟ್ಟಿದ್ದವು. ಕೊಲ್ಲಾಪುರಕ್ಕೆ ಹೋಗುವ ಹಾದಿಯೂ ಮಿರಜದಿಂದಲೇ. ನಾಟಕದ ಕಂಪನಿಗಳು ಪರದೆಗಳನ್ನೂ ಪೆಟ್ಟಿಗೆಗಳನ್ನೂ ಹೇರಿಕೊಂಡು ಬಂದಿಳಿಯುವ ಕೂಡುನಿಲ್ದಾಣವಿದು. ಗವಾಯಿಗಳು ಇಳಿಯುವುದೂ ಇಲ್ಲಿಯೇ.

ಉಸ್ತಾದ ಅಬ್ದುಲ್ ಕರೀಮಖಾನರೂ ಹೀಗೆಯೇ ಮಿರಜಕ್ಕೆ ಬಂದು ನೆಲೆಸಿದವರು. ಅವರ ಕಥೆಯಲ್ಲಿಯೂ ಜೊತೆಯಿಂದ ಬೇರ್ಪಟ್ಟ ಒಂಟಿದನಿಯ ಪ್ರಸಂಗವಿದೆ. ಉತ್ತರದ ಕೈರಾನಾದಲ್ಲಿ ೧೮೭೨ರಲ್ಲಿ ಹುಟ್ಟಿದ ಅವರು ಮೊದಮೊದಲು ತಮ್ಮ ಸಹೋದರ ಅಬ್ದುಲ್ ಹಕ್ಕರೊಡನೆ ಜೋಡಿಯಾಗಿ ಹಾಡುತ್ತಿದ್ದರು. ಬಡೋದೆಯ ದರಬಾರಿನಲ್ಲಿ ಹಾಡಿದುದೂ ಜೋಡಿಯಾಗಿಯೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಗ್ರಾಮಫೋನ್ ಕಂಪನಿಗೆ ಅವರು ಹಾಡಿದಾಗ, ಆ ತಟ್ಟೆಗಳಲ್ಲಿ ಉಳಿದುದು ಅವರೊಬ್ಬರ ಕಂಠ. ೧೯೩೦ರ ದಶಕದಲ್ಲಿ ಓಡಿಯನ್ ಕಂಪನಿಗೆ ಕೊಟ್ಟ ಮುದ್ರಿಕೆಗಳಿಂದ ಆ ಕಂಠವು ನಾಡಿನ ಮೂಲೆಮೂಲೆಗೂ ಹೋಯಿತು. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯಲ್ಲಿ ಕೇಳಿದ ಖಾನಸಾಹೇಬರ ಒಂದು ತಟ್ಟೆಯಿಂದಲೇ ಮರುಳಾಗಿ, ಮನೆ ಬಿಟ್ಟು ಗುರುವನ್ನರಸಿ ಹೊರಟ ಸಂಗತಿಯು ಸರ್ವವಿದಿತವಾಗಿದೆ. ೧೯೩೭ರಲ್ಲಿ ಖಾನಸಾಹೇಬರು ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡರು. ಅವರ ಸಮಾಧಿಯು ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿನಲ್ಲಿ ಗವಾಯಿಗಳು ಅಲ್ಲಿ ಹಾಡಿ ಸೇವೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ.

೫

ಇನ್ನು ಮುದ್ರಿಕೆಯ ಮಾತು. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣವು ೧೯೦೨ರ ನವೆಂಬರದಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ಫ್ರೆಡ್ ಗೈಸ್‌ಬರ್ಗ್ ಎಂಬವರು ಅದಕ್ಕಾಗಿ ಲಂಡನ್ನಿನಿಂದ ಬಂದಿದ್ದರು. ಅವರ ತುತ್ತೂರಿಯ ಮುಂದೆ ಮೊದಲು ಹಾಡಿದವರಾರು? ಕಲಕತ್ತೆಯ ಕ್ಲಾಸಿಕ್ ಥಿಯೇಟರಿನ ಶಶಿಮುಖಿ ಮತ್ತು ಫಣಿಬಾಲಾ ಎಂಬ ನಾಟಕದ ಹುಡುಗಿಯರು. ಕೆಲವು ದಿನಗಳ ಮೇಲೆ ಪ್ರಸಿದ್ಧ ಗಾಯಿಕೆ ಗೌಹರ್ ಜಾನ್ ಹಾಡಿದಳು. ಎಂದರೆ ನಮ್ಮ ದೇಶದ ಮುದ್ರಿಕೆಯ ಇತಿಹಾಸದ ಮೊದಲ ಪುಟವೇ ಮಂಡಳಿಯಿಂದ ಹೊರಗೆ ನಿಂತು ಹಾಡಿದ ನಾಟಕದವರದು.

ಆ ಕಾಲದ ಮುದ್ರಣದಲ್ಲಿ ವಿದ್ಯುತ್ತಿನ ಸಹಾಯವಿರಲಿಲ್ಲ. ಗಾಯಕನು ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟಂತೆ ನಿಂತು ಗಟ್ಟಿಯಾಗಿ ಹಾಡಬೇಕು; ದನಿಯ ಕಂಪನದಿಂದ ಮುಳ್ಳು ನಡುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ತಪ್ಪಿದರೆ ತಿದ್ದುವಂತಿರಲಿಲ್ಲ, ಹೊಸ ಮೇಣದ ಮೇಲೆ ಮೊದಲಿನಿಂದ ಹಾಡಬೇಕು. ಮೊದಲ ಕೆಲವು ವರ್ಷ ಆ ಅಚ್ಚುಗಳು ಜರ್ಮನಿಯ ಹ್ಯಾನೋವರಕ್ಕೆ ಹೋಗಿ ತಟ್ಟೆಗಳಾಗಿ ಹಡಗಿನಲ್ಲಿ ಮರಳುತ್ತಿದ್ದವು. ೧೯೦೮ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರಖಾನೆಯಾದ ಮೇಲೆ ಆ ಅವಸ್ಥೆ ತಪ್ಪಿತು. ೧೯೨೫ರ ತರುವಾಯ ಮೈಕ್ರೊಫೋನಿನ ಮೂಲಕ ಮುದ್ರಿಸುವ ರೀತಿ ಬಂದು ಮೆಲುದನಿಯ ಸೂಕ್ಷ್ಮಗಳೂ ತಟ್ಟೆಗೆ ಇಳಿಯತೊಡಗಿದವು.

ಮನಸೂರರು ೧೯೩೦ರ ದಶಕದಲ್ಲಿ ನಾಯಿಯ ಚಿತ್ರದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಗೆ ಹಾಡತೊಡಗಿದರು. ಮುಂದೆ ಆ ಕಂಪನಿಯ ಸಂಗೀತ ನಿರ್ದೇಶಕರೂ ಆದರು. ಮಂಡಳಿಯಲ್ಲಿ ಇಡೀ ರಾತ್ರಿಯನ್ನು ತುಂಬಿದ ಕಂಠವು ಈಗ ಮೂರು ನಿಮಿಷದಲ್ಲಿ ತನ್ನನ್ನು ತೋರಿಸಿಕೊಳ್ಳಬೇಕಾಯಿತು. ಖ್ಯಾಲ್ ಗಾಯಕನಿಗೆ ಇದು ಕಠಿಣ ಪರೀಕ್ಷೆ. ಮೈಫಿಲಿನಲ್ಲಿ ಮುಕ್ಕಾಲು ತಾಸು ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಕೊಡದ ನೀರನ್ನು ಚೊಂಬಿಗೆ ತುಂಬಿದಂತಲ್ಲ. ಹಾಲನ್ನು ಕಾಯಿಸಿ ಕೆನೆಗಟ್ಟಿಸಿದಂತೆ. ರಾಗದ ಮುಖವನ್ನು ಮೊದಲ ಸ್ವರಸಂಗತಿಯಲ್ಲಿಯೇ ತೋರಿಸಬೇಕು, ಮಾತು ತಿಳಿಯಬೇಕು, ನಾಲ್ಕು ತಾನುಗಳೊಳಗೆ ಮುಕ್ತಾಯವಾಗಬೇಕು. ಕೇಳುವವನನ್ನು ಕೂಡಲೆ ಹಿಡಿಯುವ ಈ ಕೌಶಲವನ್ನು ಮನಸೂರರು ಎಲ್ಲಿಂದ ತಂದರು? ಹಿಂದಿನ ಸಾಲಿನ ರೈತನಿಗೂ ಪದವನ್ನು ಮುಟ್ಟಿಸಬೇಕಾಗಿದ್ದ ಆಟದ ರಂಗದಿಂದಲೇ ಬಂದಿತೆಂದು ನಾವು ನಂಬುತ್ತೇವೆ. ರಾಗದ ಶಿಸ್ತು ಮಿರಜದ್ದು. ಕೇಳುವವನ ಮೇಲಿನ ಹಿಡಿತ ಮೇಳದ್ದು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಮುಂದೆ ಮನಸೂರರು ಜಯಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾಖಾನರ ಮಗ ಮಂಜಿಖಾನರಲ್ಲಿ ಶಿಷ್ಯವೃತ್ತಿ ಮಾಡಿದರು. ೧೯೩೭ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿತರು. ಲೋಕವು ಇಂದು ಮನಸೂರರನ್ನು ಬಲ್ಲುದು ಆ ಘರಾಣೆಯ ಅಪರೂಪದ ರಾಗಗಳ ಗಾಯಕರೆಂದು. ಆದರೆ ತರುಣಾವಸ್ಥೆಯ ಮುದ್ರಿಕೆಗಳಲ್ಲಿ ಕೇಳಿಬರುವುದು ಮಿರಜದಲ್ಲಿ ಕಲಿತ ಗ್ವಾಲಿಯರದ ಪಾಠದ ಛಾಯೆ. ಮನುಷ್ಯನು ಬೆಳೆಯುತ್ತ ಹೋಗುತ್ತಾನೆ, ತಟ್ಟೆಯು ಬೆಳೆಯುವುದಿಲ್ಲ. ಆದುದರಿಂದಲೇ ಅದು ಸಾಕ್ಷಿಯಾಗಬಲ್ಲುದು.

೬

ಮೇಳದಿಂದ ಮುದ್ರಿಕೆಗೆ ಬಂದುದರಲ್ಲಿ ಲಾಭವೆಷ್ಟು, ಹಾನಿಯೆಷ್ಟು? ಈ ಪ್ರಶ್ನೆಯನ್ನು ಶಾಲೆಯ ಚರ್ಚಾಕೂಟಗಳಲ್ಲಿ ಎರಡೂ ಪಕ್ಷದಿಂದ ವಾದಿಸಬಹುದು.

ಲಾಭವು ಕಣ್ಣಿಗೆ ಕಾಣುವಂಥದು. ಆಟ ಮುಗಿದು ಕೋಳಿ ಕೂಗಿದರೆ ಹಾಡು ಗಾಳಿಯ ಪಾಲಾಗುತ್ತಿತ್ತು. ಮುದ್ರಿಕೆಯು ಅದನ್ನು ಉಳಿಸಿತು. ಹಣವಿದ್ದವನ ದಿವಾಣಖಾನೆಯ ಗಾಯನವನ್ನು ಬೀದಿಯ ಚಹದ ಅಂಗಡಿಗೆ ತಂದಿತು. ಆಟದ ಹುಡುಗರೆಂದು ಹಗುರಾಗಿ ಕಾಣಲ್ಪಡುತ್ತಿದ್ದವರಿಗೆ ಅದು ತಮ್ಮದೊಂದು ಹೆಸರನ್ನು ಕೊಟ್ಟಿತು. ನಾಟಕಕ್ಕೆ ಸೇರಿದವಳೆಂದು ಸಮಾಜವು ಹೊರಗಿಟ್ಟ ಎಷ್ಟೋ ಜನ ಹೆಣ್ಣುಮಕ್ಕಳ ದನಿಯನ್ನು ಅದೇ ಸಮಾಜದ ಮನೆಯೊಳಗೆ ಕೂಡ್ರಿಸಿತು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾಗದು.

ಹಾನಿಯು ಕಿವಿಗೆ ಕೇಳದಂಥದು. ತಟ್ಟೆಯ ನಡುವಿನ ದುಂಡು ಚೀಟಿಯ ಮೇಲೆ ಎಷ್ಟು ಸ್ಥಳವಿದೆ? ಗಾಯಕನ ಹೆಸರು, ರಾಗದ ಹೆಸರು, ಕಂಪನಿಯ ಗುರುತು, ಅಲ್ಲಿಗೆ ಮುಗಿಯಿತು. ತಬಲಾ ಬಾರಿಸಿದವರು, ಸಾರಂಗಿ ನುಡಿಸಿದವರು, ತಂಬೂರಿ ಹಿಡಿದು ಹಿಂದೆ ಕುಳಿತವರು ಅನೇಕ ಹಳೆಯ ತಟ್ಟೆಗಳಲ್ಲಿ ನಾದವಾಗಿ ಇದ್ದಾರೆ, ಹೆಸರಾಗಿ ಇಲ್ಲ. ಮೇಳದ ಲಕ್ಷಣವೂ ಅಲ್ಲಿ ಬದಲಾಯಿತು. ಬಯಲಾಟದಲ್ಲಿ ಒಂದು ಸೊಲ್ಲು ಎಷ್ಟು ಸಲ ತಿರುಗಬೇಕೆಂಬುದನ್ನು ಕುಣಿಯುವವನ ಕಾಲು ನಿರ್ಣಯಿಸುತ್ತದೆ. ಜನರ ಉತ್ಸಾಹ ನಿರ್ಣಯಿಸುತ್ತದೆ. ತಟ್ಟೆಯಲ್ಲಿ ಅದನ್ನು ಗಡಿಯಾರ ನಿರ್ಣಯಿಸಿತು. ‘ಒನ್ಸ್ ಮೋರ್’ ಎಂದವನು ಮುಳ್ಳನ್ನು ಎತ್ತಿ ಮೊದಲಿಗಿಟ್ಟರೆ ಅದೇ ಹಾಡು ಅದೇ ರೀತಿ ಬರುವುದು. ಎರಡನೆಯ ಸಲದ ಹೊಸ ತಿರುವು ಬರಲಾರದು.

ಇದಕ್ಕಿಂತಲೂ ದೊಡ್ಡ ಹಾನಿಯೊಂದಿದೆ. ಮುದ್ರಿಕೆಯಿದ್ದವರು ಇತಿಹಾಸದಲ್ಲಿ ಉಳಿದರು, ಇಲ್ಲದವರು ಮರೆಯಾದರು. ಬೆಳಗಾವಿ ವಿಜಾಪುರದ ಸೀಮೆಯಿಂದ ನಮ್ಮ ಜತ್ತ ತಾಲೂಕಿನವರೆಗೂ ಕನ್ನಡ ಹಳ್ಳಿಗಳಲ್ಲಿ ಪಾರಿಜಾತ, ಸಣ್ಣಾಟ, ದೊಡ್ಡಾಟ, ಭಜನೆ, ಡೊಳ್ಳಿನ ಪದಗಳನ್ನು ಹಾಡಿಕೊಂಡು ಬಂದವರು ಎಷ್ಟೋ ಜನ. ಅವರಲ್ಲಿ ತಟ್ಟೆಯನ್ನೇರಿದವರು ಬೆರಳೆಣಿಕೆಯವರು. ಉಳಿದವರು ಕಳಪೆಯಾಗಿದ್ದರೆಂದು ಇದರ ಅರ್ಥವಲ್ಲ. ಮುಂಬ‌ಯಿಯ ಮುದ್ರಣಶಾಲೆಗೆ ಹೋಗುವ ಹಾದಿ ಅವರಿಗೆ ತೆರೆದಿರಲಿಲ್ಲ, ಮುದ್ರಣದವರು ಅವರ ಹಳ್ಳಿಗೆ ಬರಲಿಲ್ಲ, ಅಷ್ಟೇ.

ಹಾಗಾದರೆ ಮನಸೂರರು ಮೇಳವನ್ನು ಬಿಟ್ಟುದು ತಪ್ಪೆ? ಹಾಗೆ ಕೇಳುವವರೂ ಇದ್ದಾರೆ. ಮೇಳದಲ್ಲಿಯೇ ಇದ್ದಿದ್ದರೆ ಆ ಕಂಠವು ದನಿ ಒಡೆಯುವ ವಯಸ್ಸಿಗೆ ಬಾಲಕರ ಪಾತ್ರದೊಡನೆ ಮುಗಿದುಹೋಗುವ ಸಂಭವವಿತ್ತು. ಮೇಳವು ಅವನನ್ನು ಬೆಳೆಸಿತು; ಬೆಳೆಸಿದ ಮೇಲೆ ಬಿಟ್ಟುಕೊಟ್ಟಿತು. ಅಪ್ಪಯ್ಯಸ್ವಾಮಿಗಳು ಕರ್ನಾಟಕ ಪದ್ಧತಿಯವರು, ಹುಡುಗನು ಹೋದದ್ದು ಹಿಂದುಸ್ತಾನಿಗೆ. ಮಿರಜದ ಗುರುಗಳು ಗ್ವಾಲಿಯರದವರು, ಅವರೇ ಶಿಷ್ಯನನ್ನು ಅಲ್ಲಾದಿಯಾಖಾನರ ಕಡೆಗೆ ಕರೆದೊಯ್ದರು. ‘ನನ್ನ ಶಿಷ್ಯ ನನ್ನಲ್ಲಿಯೇ ಇರಲಿ’ ಎಂದು ನೀಲಕಂಠಬುವಾ ಅವರು ಹಟ ಹಿಡಿದಿದ್ದರೆ ನಾವು ಕಂಡ ಮನಸೂರರು ಆಗುತ್ತಿರಲಿಲ್ಲ. ಶಿಕ್ಷಕರಾದವರು ಈ ಒಂದು ಪ್ರಸಂಗವನ್ನು ಮತ್ತೆ ಮತ್ತೆ ಮನನ ಮಾಡಬೇಕು. ತನಗಿಂತ ದೊಡ್ಡ ವಿದ್ಯೆಯ ಬಾಗಿಲಿಗೆ ಶಿಷ್ಯನನ್ನು ಕೈಹಿಡಿದು ಒಯ್ಯುವ ಗುರುವು ಮುದ್ರಿಕೆಯ ಚೀಟಿಯಲ್ಲಿ ಕಾಣುವುದಿಲ್ಲ.

ಮನಸೂರರಾದರೂ ಬಂದ ದಾರಿಯನ್ನು ಮರೆಯಲಿಲ್ಲ. ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯನ್ನು ಅವರು ಬರೆದುದು ಕನ್ನಡದಲ್ಲಿ. ಹಿಂದುಸ್ತಾನಿ ಗಾಯನದ ಶಿಖರದಲ್ಲಿದ್ದಾಗಲೂ ವಚನಗಳನ್ನು ಹಾಡಿ, ಓದಿನ ವಸ್ತುವಾಗಿದ್ದ ವಚನವನ್ನು ಕೇಳುವ ವಸ್ತುವನ್ನಾಗಿ ಮಾಡಿದರು. ಧಾರವಾಡದ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದರು. ೧೯೯೨ರಲ್ಲಿ ಪದ್ಮವಿಭೂಷಣ ದೊರೆಯಿತು. ಅದೇ ವರ್ಷದ ಸಪ್ಟಂಬರ ೧೨ರಂದು ಅವರು ದೈವಾಧೀನರಾದರು.

೭

ಈ ಕಥೆಯು ಹಳೆಯದಾಯಿತೆಂದು ವಿದ್ಯಾರ್ಥಿಗಳು ತಿಳಿಯಬಾರದು. ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಇದರ ಹೊಸ ರೂಪವನ್ನು ಕಂಡಿದ್ದೇವೆ. ೧೯೭೪ರಲ್ಲಿ ಮಹಾರಾಷ್ಟ್ರದ ನಾಶಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿ ಹಾಡುತ್ತಿದ್ದರು. ಆ ತಂಡವು ಚದುರಿದ ಮೇಲೆ, ೨೦೦೮ರಲ್ಲಿ, ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರರ ಆಸರೆಯಿಂದ ತಮ್ಮ ಹೆಸರನ್ನೇ ಹೊತ್ತ ಮೊದಲ ಆಲ್ಬಮನ್ನು ಹೊರಡಿಸಿದರು. ಗಿಟಾರಿನ ಮೇಳದೊಡನೆ ಶಿಶುನಾಳದ ಶರೀಫಸಾಹೇಬರ ತತ್ವಪದಗಳನ್ನು ಅವರು ದೇಶವಿದೇಶಗಳ ವೇದಿಕೆಗೆ ಒಯ್ದರು. ಇಲ್ಲಿಯೂ ಅದೇ ಕ್ರಮ: ಒಂದು ತಂಡ, ಅದರಿಂದ ಬೇರೆಯಾದ ಒಂದು ಹೆಸರು, ಆ ಹೆಸರಿನ ಬೆನ್ನಿಗೆ ಒಂದು ಹಳೆಯ ಜನಪದ ಪರಂಪರೆ. ತತ್ವಪದವನ್ನು ಇಷ್ಟು ಕಾಲ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಭಜನಾಮಂಡಳಿಯವರ ಹೆಸರುಗಳನ್ನು ಇಲ್ಲಿಯೂ ಯಾರೂ ಬರೆದಿಟ್ಟಿಲ್ಲ.

೮

ಗಡಿಯ ಈಚೆ ನೆಲೆಸಿದ ನಮಗೆ ಈ ಇತಿಹಾಸದಿಂದ ಕಲಿಯಬೇಕಾದ ಎರಡು ಮಾತುಗಳಿವೆ.

ಒಂದನೆಯದು ವಿವೇಕದ ಮಾತು. ಕರ್ಕಿಯ ಮೇಳ ನಮ್ಮದು, ಕಿರ್ಲೋಸ್ಕರರು ನಮ್ಮ ನೆಲದವರು, ಆಲೂರಮಠರು ನಮ್ಮವರು ಎಂದು ಎಣಿಸಿ, ಮರಾಠಿಯವರೊಡನೆ ಲೆಕ್ಕದ ಜಗಳಕ್ಕೆ ನಿಲ್ಲುವುದು ಸುಲಭ. ಅಂಥ ಜಗಳದಿಂದ ನಾದದ ಒಂದು ಶ್ರುತಿಯೂ ಹೆಚ್ಚುವುದಿಲ್ಲ. ಸಾಂಗಲಿಯ ಮರಾಠಿ ದೊರೆಯು ಕನ್ನಡದ ಮೇಳವನ್ನು ಆದರಿಸದಿದ್ದರೆ ‘ಸೀತಾಸ್ವಯಂವರ’ವಿಲ್ಲ, ಶಿಕಲಗಾರರ ತಂಬೂರಿಯಿಲ್ಲದೆ ಗವಾಯಿಗಳ ಮೈಫಿಲಿಲ್ಲ, ಕೈರಾನಾದ ಖಾನಸಾಹೇಬರು ಮಿರಜಕ್ಕೆ ಬರದಿದ್ದರೆ ಗದಗಿನ ಬಾಲಕನಿಗೆ ಆ ಹುಚ್ಚು ಹಿಡಿಯುತ್ತಿರಲಿಲ್ಲ. ನಮ್ಮ ಪಾಲು ಇದೆ. ಅದು ದೊಡ್ಡದೇ ಇದೆ. ಅದನ್ನು ನಾವು ಅರಿತಿರಬೇಕು, ಮಕ್ಕಳಿಗೆ ತಿಳಿಸಬೇಕು. ಪಾಲನ್ನು ಅರಿಯುವುದು ಬೇರೆ, ಹಿಸೆ ಕೇಳುವುದು ಬೇರೆ.

ಎರಡನೆಯದು ಕೆಲಸದ ಮಾತು. ಇಂದು ಮುದ್ರಣಶಾಲೆಯನ್ನು ಹುಡುಕಿಕೊಂಡು ಮುಂಬಯಿಗೆ ಹೋಗಬೇಕಾಗಿಲ್ಲ. ಕಿಸೆಯಲ್ಲಿರುವ ಫೋನೇ ಮುದ್ರಣಶಾಲೆ. ಜತ್ತ, ಮಿರಜ ತಾಲೂಕುಗಳ ಕನ್ನಡ ಶಾಲೆಗಳ ಶಿಕ್ಷಕರು ಮನಸ್ಸು ಮಾಡಿದರೆ, ತಮ್ಮ ವಿದ್ಯಾರ್ಥಿಗಳಿಂದ ಊರ ಭಜನೆಯ, ಪಾರಿಜಾತದ, ಡೊಳ್ಳಿನ ಮೇಳದ ಹಾಡುಗಳನ್ನು ಹಿರಿಯರ ಒಪ್ಪಿಗೆ ಪಡೆದು ಮುದ್ರಿಸಿಡಬಹುದು. ಹೀಗೆ ಮಾಡುವಾಗ ಹಳೆಯ ಕಂಪನಿಗಳು ಬಿಟ್ಟುದನ್ನು ನಾವು ಬಿಡಬಾರದು. ಮುಂದೆ ನಿಂತು ಹಾಡಿದವರ ಹೆಸರಿನೊಡನೆ ದಮ್ಮಡಿ ಬಾರಿಸಿದವರ, ತಾಳ ಹಾಕಿದವರ, ಸೊಲ್ಲು ಎತ್ತಿಕೊಂಡವರ ಹೆಸರುಗಳನ್ನೂ, ಹಾಡು ಯಾರಿಂದ ಕಲಿತದ್ದೆಂಬುದನ್ನೂ, ಊರು ಮತ್ತು ತಾರೀಖನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಒಂದು ಶಾಲೆಯು ವರ್ಷಕ್ಕೆ ಹತ್ತು ಹಾಡುಗಳನ್ನು ಹೀಗೆ ಕೂಡಿಟ್ಟರೂ ಸಾಕು. ಹತ್ತು ವರ್ಷದಲ್ಲಿ ನೂರಾಗುತ್ತವೆ.

ಆ ಮೇಳದ ಹುಡುಗರಲ್ಲಿ ಒಬ್ಬನು ನಾಳೆ ಹೊರಬಿದ್ದು ತನ್ನ ಹೆಸರಿನ ಮುದ್ರಿಕೆಯನ್ನು ತರುವನು. ತರಲಿ, ಮೇಳವು ಅವನನ್ನು ಹರಸಿ ಕಳಿಸಲಿ. ಅವನ ದನಿಗೆ ಜೀವ ಕೊಟ್ಟವರು ಇಂಥಿಂಥವರೆಂದು ತೋರಿಸುವ ವಹಿಯೊಂದು ಅಂದಿಗೆ ಅವನ ಶಾಲೆಯ ಕಪಾಟಿನಲ್ಲಿ ಇರಬೇಕು. ಕರ್ಕಿಯವರಿಗೆ ಆ ವಹಿಯನ್ನು ಇಡುವವರಿರಲಿಲ್ಲ.